ಮಾವನ ಕಿವಿಗೆ ಅಳಿಯ ತುಂಬಿದ ಬಾಸು

“ಮಾವ, ಭಾನುವಾರದೊಳಗೆ ನಿಮ್ಮ ಎರಡೂ ಕಿವೀಲಿ ಡೋಲು ಗುಡುಗಬೇಕು. ಗುಡುಗಲಿಲ್ಲ ಅಂದ್ರೆ ನನ್ನ ಹೆಸರು ಸಿದ್ಧಾರ್ಥ ಅಲ್ಲ!”

ಗುರುವಾರ ಸಂಜೆ, ಕೋಣನಕುಂಟೆ ಹಳೇ ಊರಿನ ಓಣಿಯೊಂದರಲ್ಲಿ, ಮಾವನ ಮನೆಯ ಜಗಲಿಯ ಮೇಲೆ ನಿಂತು ಸಿದ್ಧಾರ್ಥ ಮಾಡಿದ ಭೀಷಣ ಪ್ರತಿಜ್ಞೆ ಇದು. ಎಡಗೈ ಸೊಂಟದ ಮೇಲಿತ್ತು. ಬಲಗೈಯಲ್ಲಿ ಮಾವನ ಮೊಬೈಲು ಖಡ್ಗದ ಹಾಗೆ ಮೇಲೆದ್ದಿತ್ತು. ಕೇಳಿಸಿಕೊಳ್ಳಲು ಅಲ್ಲಿದ್ದವರು ಮೂರೇ ಜನ. ಮಾವ ಮುನಿಯಣ್ಣನವರಿಗೆ ಅರ್ಧ ಕೇಳಿಸಿತು. ಅತ್ತೆ ಗೋವಿಂದಮ್ಮ ಕೇಳಿಯೂ ಕೇಳದವರಂತೆ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಹೆಂಡತಿ ಪದ್ಮಶ್ರೀಗೆ ಮಾತ್ರ ಪೂರ್ತಿ ಕೇಳಿಸಿತು.

“ರೀ, ಹಾಗಾದ್ರೆ ನಿಮಗೆ ಈಗಲೇ ಒಂದು ಹೊಸ ಹೆಸರು ಹುಡುಕಿಡ್ಲಾ?” ಎಂದಳು.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು ಸ್ವಾಮಿ. ಸಿದ್ಧಾರ್ಥ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಸೂಪರ್‌ವೈಸರ್. ಷರ್ಟಿನ ಯಾವ ಗುಂಡಿ ಸಡಿಲವಾಗಿದೆ ಎಂದು ಹತ್ತಡಿ ದೂರದಿಂದಲೇ ಹೇಳಿಬಿಡುವ ಕಣ್ಣು ಅವನದು. ಆ ಕಣ್ಣು ಸಂಜೆ ಆರಕ್ಕೆ ಕಾರ್ಖಾನೆಯಲ್ಲೇ ಮುಚ್ಚಿಕೊಂಡಿದ್ದರೆ ಯಾರಿಗೂ ತಕರಾರಿರಲಿಲ್ಲ. ಮುಚ್ಚಿಕೊಳ್ಳುತ್ತಿರಲಿಲ್ಲವಲ್ಲ! ಮನೆಗೆ ಬಂದರೆ ಯಾವ ಯಂತ್ರ ಕಂಡರೂ ಅದರ ಸೆಟ್ಟಿಂಗ್ ಸರಿಯಿಲ್ಲ ಅನ್ನಿಸುತ್ತಿತ್ತು. ಫ್ರಿಜ್ಜಿನ ಸೆಟ್ಟಿಂಗ್ ಸರಿಮಾಡಿದ, ಮೊಸರು ಇಟ್ಟಿಗೆಯಾಯಿತು. ಗೀಸರ್ ಸರಿಮಾಡಿದ, ಇಡೀ ಮನೆ ಒಂದು ವಾರ ತಣ್ಣೀರಿನಲ್ಲಿ ಮಿಂದು ಪಾವನವಾಯಿತು. ಟೀವಿಯ ಬಣ್ಣ ಹೆಚ್ಚಿಸಲು ಹೋಗಿ ಅದರ ಭಾಷೆಯನ್ನೇ ಕೊರಿಯಾಕ್ಕೆ ಸಾಗಿಸಿದ. ಪಾಪ, ಗೋವಿಂದಮ್ಮ ಈಗ ಆ ಕೊರಿಯನ್ ಅಕ್ಷರಗಳ ಗುರುತು ಹಿಡಿದುಕೊಂಡೇ ತಮ್ಮ ಧಾರಾವಾಹಿ ಹಾಕಿಕೊಳ್ಳುತ್ತಾರೆ.

ಇದರ ಜೊತೆಗೆ ಇನ್ನೊಂದು ಇಕ್ಕಟ್ಟು. ಸಿದ್ಧಾರ್ಥ ಸಂಸಾರ ಹೂಡಿದ್ದು ಮಾವನ ಮನೆಯ ಮಹಡಿಯಲ್ಲಿ. ಓಣಿಯಲ್ಲಿ ಯಾರೂ ಬಾಯಿಬಿಟ್ಟು ‘ಮನೆ ಅಳಿಯ’ ಎಂದವರಲ್ಲ. ಆದರೂ ಅವನಿಗೆ ಆ ಮಾತು ಹಾಲಿನವನ ಹಾರ್ನಿನಲ್ಲೂ ಕೇಳಿಸುತ್ತಿತ್ತು. ಮಾವನಿಗೆ ಒಂದೇ ಒಂದು ಸಲ, ಊರೆಲ್ಲ ನೋಡುವ ಹಾಗೆ ಏನಾದರೂ ದೊಡ್ಡ ಉಪಕಾರ ಮಾಡಿಬಿಡಬೇಕು ಎಂದು ಹನ್ನೆರಡು ವರ್ಷದಿಂದ ಕಾಯುತ್ತಿದ್ದ.

ಈ ಸಲ ಒದಗಿದ ಕೆಲಸ ಮೊಸರು, ಟೀವಿಯಷ್ಟು ಹಗುರದ್ದಾಗಿರಲಿಲ್ಲ. ಮುನಿಯಣ್ಣ ತಮಟೆಯ ಕೈ. ಕೋಣನಕುಂಟೆ ಹೊಲಗದ್ದೆಯ ಊರಾಗಿದ್ದಾಗ ಹಿಡಿದ ಕೋಲನ್ನು ಕನಕಪುರ ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಓಡುವವರೆಗೂ ಬಿಟ್ಟವರಲ್ಲ. ಕರೆದವರ ಬಾಗಿಲಿಗೆಲ್ಲ ಹೋಗಿ ನಿಲ್ಲುವುದನ್ನು ನಿಲ್ಲಿಸಿ ಮೂವತ್ತು ವರ್ಷವಾಗಿತ್ತು. ಆಮೇಲೆ ಬಾರಿಸಿದ್ದೆಲ್ಲ ತಮ್ಮ ಮನಸ್ಸಿಗೆ ಬಂದ ಕಡೆ, ತಲೆಯೆತ್ತಿಕೊಂಡು. ಪಕ್ಕದಲ್ಲಿ ಯಾವಾಗಲೂ ಡೋಲಿನ ಪಿಳ್ಳಪ್ಪ. ಮೂರು ವರ್ಷದ ಹಿಂದೆ ಪಿಳ್ಳಪ್ಪ ತೀರಿಹೋದ ದಿನ ಮುನಿಯಣ್ಣ ತಮಟೆಯನ್ನು ಗೋಡೆಗೆ ನೇತುಹಾಕಿದರು. ಇಳಿಸಿರಲಿಲ್ಲ.

ಬರುವ ಭಾನುವಾರ ಅಂಬೇಡ್ಕರ್ ಜಯಂತಿಯ ಮೆರವಣಿಗೆ. ಊರಿನ ಹೊಸ ತಮಟೆ ತಂಡದ ಪರವಾಗಿ ಡೋಲು ಬಾರಿಸುವ ಶರಣ್ ಬಂದು ಕೇಳಿದ್ದ: “ದೊಡ್ಡಪ್ಪ, ನಿಮ್ಮ ಕೆರೆ ಏರಿ ಗತ್ತು ನಮಗ್ಯಾರಿಗೂ ಬರಲ್ಲ. ಮೆರವಣಿಗೆ ನೀವೇ ಶುರು ಮಾಡ್ಕೊಡಿ.” ಗತ್ತು ಎಂದರೆ ಬಾರಿಸುವ ವರಸೆ. ಕೆರೆ ಏರಿ ಗತ್ತು ಮುನಿಯಣ್ಣ ಮತ್ತು ಪಿಳ್ಳಪ್ಪ ಇಬ್ಬರೇ ಕಟ್ಟಿದ್ದು.

ಮುನಿಯಣ್ಣನ ಕಣ್ಣು ತುಂಬಿತು. ಆದರೆ ಒಪ್ಪಲಿಲ್ಲ.

“ಮೂರನೇ ಸುತ್ತು ಆದ್ಮೇಲೆ ಒಂದು ತಿರುವು ಬರ್ತದೆ ಕಣಪ್ಪ. ಅಲ್ಲಿ ತಮಟೆ ಸುಮ್ನಾಗ್ತದೆ, ಡೋಲು ಒಂದೇ ಮಾತಾಡ್ತದೆ. ಅದು ಪಿಳ್ಳಪ್ಪನ ಮಾತು. ಅವನು ಹೇಳಿ ಮುಗಿಸಿದ್ಮೇಲೇ ನಾನು ಎತ್ಕೊಳ್ಳೋದು. ಆ ತಿರುವು ನನ್ನ ತಲೆಯಿಂದ ಹೊರಟೋಗಿದೆ. ಅದು ಸಿಕ್ಕಿದ್ರೆ ಬಾರಿಸ್ತೀನಿ. ಸಿಗಲಿಲ್ಲ ಅಂದ್ರೆ ಈ ತಮಟೆ ಗೋಡೆ ಮೇಲೇ ಇರ್ಲಿ.”

ತಿರುವು ಸಿಗುವ ಜಾಗ ಜಗತ್ತಿನಲ್ಲಿ ಒಂದೇ ಇತ್ತು: ಸಿದ್ಧಾರ್ಥ ಮತ್ತು ಪದ್ಮಶ್ರೀಯ ಮದುವೆಯ ದಿನ ಯಾರೋ ಹಿಡಿದ ಹನ್ನೊಂದು ನಿಮಿಷದ ರೆಕಾರ್ಡಿಂಗು. ಅದು ಮುನಿಯಣ್ಣನ ಫೋನಿನಲ್ಲಿತ್ತು. ಹಾಕಿ ನೋಡಿದರೆ ಡೋಲು ಮಾತಾಡಬೇಕಾದ ಕಡೆ ‘ಟಿಕ್ ಟಿಕ್’ ಎಂದು ಗಡಿಯಾರ ಮಾತಾಡಿತು. ಆಗ ಸಿದ್ಧಾರ್ಥ ಮಹಡಿಗೆ ಓಡಿ, ಯುಗಾದಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ವೈರಿಲ್ಲದ ಇಯರ್‌ಬಡ್ಸ್ ತಂದು ಮಾವನ ಕಿವಿಗೆ ಏರಿಸಿದ.

“ಇದೇನೋ ಇದು, ಗೋಡಂಬಿ ತುರುಕ್ತಿದೀಯ ಕಿವಿಗೆ?” ಎಂದರು ಮುನಿಯಣ್ಣ.

ಗೋಡಂಬಿಯಲ್ಲಿ ತಮಟೆ ಚೆನ್ನಾಗಿ ಕೇಳಿಸಿತು. ಮದುವೆಮನೆಯ ಹೆಣ್ಣುಮಕ್ಕಳ ಗಿಜಿಗಿಜಿ ಕೇಳಿಸಿತು. “ಪಾಯಸ ಈ ಕಡೆ ಬರ್ಲಿಲ್ಲ!” ಎಂದು ಯಾರೋ ಹನ್ನೆರಡು ವರ್ಷದ ಹಿಂದೆ ಕೂಗಿದ್ದೂ ಕೇಳಿಸಿತು. ಡೋಲು ಮಾತ್ರ ಇಲ್ಲ!

“ದಮ್ಮೇ ಇಲ್ವಲ್ಲಪ್ಪ ಇದರಲ್ಲಿ” ಎಂದರು ಮುನಿಯಣ್ಣ, ಸಪ್ಪಗೆ.

“ಡೋಲಿನ ಆ ದಪ್ಪ ಸದ್ದಿಗೆ ಬಾಸ್ ಅಂತಾರೆ ಮಾವ. ಎಲ್ಲಾ ಫೋನಿನ ಸೆಟ್ಟಿಂಗಲ್ಲಿದೆ!” ಎಂದ ಸಿದ್ಧಾರ್ಥ. ಮೇಲೆ ಹೇಳಿದ ಪ್ರತಿಜ್ಞೆ ಹುಟ್ಟಿದ್ದು ಈ ಗಳಿಗೆಯಲ್ಲಿ.

ಗುರುವಾರವೇ ದಂಡಯಾತ್ರೆ ಆರಂಭವಾಯಿತು. ಸಿದ್ಧಾರ್ಥ ಫೋನಿನ ಸೆಟ್ಟಿಂಗಿನೊಳಗೆ ನುಗ್ಗಿ, ಸೌಂಡಿನೊಳಗೆ ಇಳಿದು, ಅದರ ಹೊಟ್ಟೆಯಲ್ಲಿ ಅಡಗಿದ್ದ ಈಕ್ವಲೈಸರ್ ಎಂಬುದನ್ನು ಹೊರಗೆಳೆದ. ಐದು ಗೀಟು, ಐದು ಚುಕ್ಕೆ.

“ನೋಡಿ ಮಾವ, ಎಡಗಡೆ ಇರೋದು ಬಾಸು, ಬಲಗಡೆದು ಕೀರಲು. ಎಡಗಡೇದನ್ನ ಎತ್ತಬೇಕು, ಬಲಗಡೇದನ್ನ ತುಳೀಬೇಕು. ಇಷ್ಟೇ ವಿದ್ಯೆ!”

“ಅಷ್ಟೂ ಎತ್ಬೇಡಿ, ಒಂಚೂರು ಎತ್ತಿ” ಎಂದಳು ಪದ್ಮಶ್ರೀ.

“ಡೋಲು ಕಣೇ ಅದು. ಒಂಚೂರಿಗೆಲ್ಲ ಬರಲ್ಲ.”

ಎಡದ ಎರಡು ಚುಕ್ಕೆ ಆಕಾಶಕ್ಕೆ ಹೋದವು. ಬಲದ ಮೂರು ಪಾತಾಳ ಕಂಡವು. ಅದರ ಕೆಳಗೆ ‘ಬಾಸ್ ಬೂಸ್ಟ್’ ಎಂಬ ಇನ್ನೊಂದು ಗುಂಡಿ ಕಂಡಿತು. ಕಂಡ ಗುಂಡಿಯನ್ನು ಒತ್ತದೆ ಬಿಟ್ಟರೆ ಅವನು ಸಿದ್ಧಾರ್ಥನೇ? ಒತ್ತಿದ.

ಮುನಿಯಣ್ಣ ಕಿವಿಗೆ ಹಾಕಿಕೊಂಡು ಎರಡು ನಿಮಿಷ ಕೂತರು. ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು.

“ಹೆಂಗಿದೆ ಮಾವ?”

“ನೀರಿನ ಸಂಪಿನೊಳಗೆ ಕೂತ್ಕೊಂಡು ಮೇಲಿನ ಮದುವೆ ಕೇಳ್ದಂಗಿದೆ ಕಣಪ್ಪ. ಎಲ್ಲಾ ಗುಂಯ್ ಅಂತದೆ.”

“ಕಿವಿಗೆ ಅಭ್ಯಾಸ ಆಗ್ಬೇಕು. ಒಂದಿನ ಹಾಕ್ಕೊಂಡೇ ಇರಿ.”

ಹಾಕಿಕೊಂಡೇ ಇದ್ದದ್ದರ ಫಲ ಶುಕ್ರವಾರ ಬೆಳಗ್ಗೆಯೇ ಕಂಡಿತು. ಮುನಿಯಣ್ಣನ ತಂಗಿ ಮರಿಯಮ್ಮ ಗೊಟ್ಟಿಗೆರೆಯಲ್ಲಿದ್ದಾರೆ. ಗುಬ್ಬಿಯ ಹಾಗೆ ತೆಳ್ಳನೆ ದನಿ. ಟೈಪು ಮಾಡಲು ಬಾರದ ಕಾರಣ ಅಣ್ಣನಿಗೆ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಅವತ್ತು ಕಳಿಸಿದ್ದು ಬರೀ “ಅಣ್ಣಾ, ತಿಂಡಿ ಆಯ್ತಾ? ಭಾನುವಾರ ಬರ್ತೀನಿ” ಎಂಬ ಐದೇ ಪದ. ಆದರೆ ಸಿದ್ಧಾರ್ಥನ ಸೆಟ್ಟಿಂಗಿನಲ್ಲಿ ಹಾದು ಮುನಿಯಣ್ಣನ ಕಿವಿ ತಲುಪುವಷ್ಟರಲ್ಲಿ ಅದು ಗದೆ ಹಿಡಿದ ಯಾವನೋ ರಾಕ್ಷಸ, ಊಟಕ್ಕೆ ಮೊದಲು ಕೊಡುವ ಎಚ್ಚರಿಕೆಯಾಗಿತ್ತು!

ಮುನಿಯಣ್ಣ ಗಾಬರಿಯಾಗಿ ತಕ್ಷಣ ತಿರುಗಿ ಮಾತಾಡಿ ಕಳಿಸಿದರು: “ಏಯ್, ಯಾವನೋ ನೀನು? ನಮ್ಮ ತಂಗಿ ಫೋನು ನಿನ್ನ ಕೈಗೆ ಹೆಂಗ್ ಬಂತೋ? ಗಂಡಸಾದ್ರೆ ಮನೆ ಹತ್ರ ಬಾ! ಪೊಲೀಸ್ ಕರೆಸಿ ನಿಲ್ಲಿಸ್ತೀನಿ!”

ಅತ್ತ ಗೊಟ್ಟಿಗೆರೆಯಲ್ಲಿ ಮರಿಯಮ್ಮ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

ಇದ್ಯಾವುದೂ ಗೊತ್ತಿಲ್ಲದ ಸಿದ್ಧಾರ್ಥ ಸಂಜೆ ಕಾರ್ಖಾನೆಯಿಂದ ಹೊಸ ಉಪಾಯದೊಂದಿಗೆ ಬಂದ. ಫೋನಿನೊಳಗೇ ಕಿವಿಯ ಪರೀಕ್ಷೆಯೊಂದಿದೆಯಂತೆ. ಫೋನು ‘ಕುಂಯ್’ ಅನ್ನುತ್ತದೆ. ಕೇಳಿಸಿದರೆ ಗುಂಡಿ ಒತ್ತಬೇಕು. ಯಾವ ಸದ್ದು ಕೇಳಿಸುವುದಿಲ್ಲವೋ ಅದನ್ನು ಫೋನೇ ತಿಳಿದುಕೊಂಡು ಜಾಸ್ತಿ ಮಾಡಿ ಕೊಡುತ್ತದೆ. ಷರತ್ತು ಒಂದೇ, ನಿಶ್ಶಬ್ದವಾದ ಜಾಗದಲ್ಲಿ ಕೂರಬೇಕು.

ಕೋಣನಕುಂಟೆಯಲ್ಲಿ ನಿಶ್ಶಬ್ದವಾದ ಜಾಗ! ಜಗಲಿಯಲ್ಲಿ ಆಟೋ. ನಡುಮನೆಯಲ್ಲಿ ಟೀವಿ. ಅಡುಗೆಮನೆಯಲ್ಲಿ ಕುಕ್ಕರು. ಮಹಡಿಯ ಮೇಲೆ ಹೋದರೆ ಪಕ್ಕದ ಅಪಾರ್ಟ್‌ಮೆಂಟಿನವರು ಟೈಲ್ಸು ಕೊಯ್ಯುವ ಸದ್ದು. ಕಡೆಗೆ ಮಾವ ಅಳಿಯ ಇಬ್ಬರೂ ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡರು. ಮಾವ ಕೂರುವ ಮಣೆಯ ಮೇಲೆ, ಅಳಿಯ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ.

“ಕುಂಯ್ ಅಂದಾಗ ಒತ್ತಿ ಮಾವ.”

ಹೇಳಿದ್ದು ಸರಿಯಾಗೇ ಇತ್ತು. ಆದರೆ ಐವತ್ತು ವರ್ಷ ತಮಟೆ ಹಿಡಿದ ಬೆರಳಿಗೆ ಒಂದು ಸದ್ದು ಕೊಟ್ಟು ಸುಮ್ಮನೆ ಕೂರು ಎಂದರೆ ಕೂರುತ್ತದೆಯೇ? ಫೋನು ‘ಕುಂಯ್’ ಎಂದಿತು. ಮುನಿಯಣ್ಣ ಒತ್ತಿದರು, ‘ಟಕ್’. ಫೋನು ಇನ್ನೊಂದು ಸಲ ‘ಕುಂಯ್’ ಎಂದಿತು. ಮುನಿಯಣ್ಣ ‘ಟಕ್ಕ ಟಕ’ ಎಂದರು. ಮೂರನೆಯ ಸಲಕ್ಕೆ ಅವರಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಅಲ್ಲಿಂದಾಚೆಗೆ ಫೋನು ಬಾಯಿ ಬಿಡುವುದೇ ಬೇಡ! ಅದು ‘ಕುಂಯ್’ ಅನ್ನುವ ಮೊದಲೇ ಅದರ ಜಾಗ ಹಿಡಿದು, ನಡುವಿನ ಖಾಲಿ ಜಾಗವನ್ನೆಲ್ಲ ಪುಟ್ಟ ಪುಟ್ಟ ಪೆಟ್ಟಿನಿಂದ ತುಂಬಿಸಿ, ಕಣ್ಣು ಮುಚ್ಚಿ ತಲೆಯಾಡಿಸುತ್ತ ಗುಂಡಿಯ ಮೇಲೆ ಒಂದು ಕಛೇರಿಯನ್ನೇ ನಡೆಸಿದರು.

“ಮಾವ, ಕೇಳಿಸಿದ್ರೆ ಮಾತ್ರ ಒತ್ತಿ!”

“ನೀನ್ ಸುಮ್ನಿರು ಅಳಿಮಯ್ಯ, ಲಯ ತಪ್ತದೆ!”

ಅಷ್ಟರಲ್ಲಿ ಬಚ್ಚಲ ಬಾಗಿಲು ಧಡ ಧಡ ಅಂದಿತು. “ಇದು ಜೋರಾಗಿ ಕೇಳಿಸ್ತು” ಎಂದು ಮುನಿಯಣ್ಣ ಗುಂಡಿ ಒತ್ತಿದರು.

ಹೊರಗೆ ಮರಿಯಮ್ಮನ ದನಿ: “ಬಾರಣ್ಣ ಹೊರಗೆ! ಗಂಡಸಾದ್ರೆ ಬಾ ಅಂದ್ಯಲ್ಲ, ಬಂದಿದೀನಿ! ಪೊಲೀಸ್ ಎಲ್ಲಿ? ಕರೆಸು!”

ಗೋವಿಂದಮ್ಮನ ದನಿ: “ಅಳಿಯಂದ್ರೇ, ಇಬ್ರೂ ಸೇರ್ಕೊಂಡು ಒಳಗೇನ್ ಮಾಡ್ತಿದೀರ?”

ಚಿಲಕ ತೆಗೆದು ಇಬ್ಬರೂ ಹೊರಬಂದರು. ಮರಿಯಮ್ಮನ ಕಣ್ಣಲ್ಲಿ ನೀರು. ಅರವತ್ತು ವರ್ಷ ಬೆನ್ನಿಗೆ ನಿಂತ ಅಣ್ಣನೇ ‘ಯಾವನೋ ನೀನು’ ಅಂದರೆ ಯಾರಿಗೆ ಸಂಕಟವಾಗುವುದಿಲ್ಲ? ಸಿದ್ಧಾರ್ಥ ಸೆಟ್ಟಿಂಗಿನ ಕಥೆಯನ್ನೆಲ್ಲ ಬಿಡಿಸಿ ಹೇಳಿ, ಅವರ ಮಾತನ್ನು ಅವರ ಕಿವಿಗೇ ಕೇಳಿಸಿದ. ಮರಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಮ್ಮ ಯಜಮಾನ್ರ ಹತ್ರ ಈ ದನೀಲಿ ಮಾತಾಡೋ ಹಂಗೆ ಒಂದು ಸೆಟ್ಟಿಂಗ್ ಮಾಡ್ಕೊಡಪ್ಪ!”

ಇತ್ತ ಫೋನು ಪರೀಕ್ಷೆಯ ಫಲಿತಾಂಶ ಹೊರಡಿಸಿತ್ತು. ಮುನಿಯಣ್ಣನ ಕಿವಿ ಹದಿನೆಂಟು ವರ್ಷದವರ ಕಿವಿಯ ಹಾಗಿದೆಯಂತೆ, ಅಭಿನಂದನೆಗಳಂತೆ, ಯಾವ ಸದ್ದನ್ನೂ ಹೆಚ್ಚಿಸುವ ಅಗತ್ಯವಿಲ್ಲವಂತೆ! ಮುನಿಯಣ್ಣ ಆ ಫೋನು ಹಿಡಿದುಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸಿ ಬಂದರು. ಪರೀಕ್ಷೆಯಲ್ಲೇ ಏನೋ ತಪ್ಪಿದೆ ಎಂದು ಸಾಬೀತು ಮಾಡಲು ಸಿದ್ಧಾರ್ಥ ತಾನೂ ಕೂತು ಪರೀಕ್ಷೆ ಬರೆದ. ಅವನದು ಅರವತ್ತು ದಾಟಿದವರ ಕಿವಿ ಎಂದು ಬಂತು.

“ಈಗ ಅರ್ಥ ಆಯ್ತು” ಎಂದಳು ಪದ್ಮಶ್ರೀ. “ಹಾಲು ತನ್ನಿ ಅಂತ ಹನ್ನೆರಡು ವರ್ಷದಿಂದ ಹೇಳ್ತಿದೀನಿ. ಪಾಪ, ಕೇಳಿಸೇ ಇಲ್ಲ ನಿಮಗೆ!”

ಶನಿವಾರ. ಉಳಿದದ್ದು ಒಂದೇ ದಿನ. ಮಧ್ಯಾಹ್ನ ಊಟಕ್ಕೆ ಮೊದಲು ಸಿದ್ಧಾರ್ಥ ಕೊನೆಯ ಅಸ್ತ್ರ ತೆಗೆದ. ‘ಭೂಕಂಪ ಬಾಸ್’ ಎಂಬ ಆ್ಯಪು! ಹಾಕಿದ ಹಾಡಿಗೆ ಹತ್ತು ಪಟ್ಟು ಬಾಸ್ ತುಂಬಿ ಕೊಡುತ್ತದೆಂದು ಅದರ ಮೇಲೆ ಬೆಂಕಿಯ ಚಿತ್ರದೊಂದಿಗೆ ಬರೆದಿತ್ತು. ಅವನು ಮದುವೆಯ ರೆಕಾರ್ಡಿಂಗನ್ನು ಅದರ ಬಾಯಿಗೆ ಹಾಕಿದ. ಅದು ನಡುನಡುವೆ ಏನೇನೋ ಕೇಳಿತು. ಜಾಹೀರಾತು ನೋಡ್ತೀರಾ? ಓಕೆ. ನಿಮ್ಮ ಫೋಟೋಗಳನ್ನು ನೋಡಲಾ? ಓಕೆ. ಹಳೆಯದರ ಜಾಗದಲ್ಲಿ ಹೊಸದನ್ನು ಇಡಲಾ? ಓಕೆ!

“ರೀ, ಕೊನೇದು ಏನ್ ಕೇಳ್ತು ಅದು?” ಎಂದಳು ಪದ್ಮಶ್ರೀ.

“ಏನೋ ಕೇಳ್ತು. ಎಲ್ಲದಕ್ಕೂ ಓಕೆ ಅಂದ್ರೇನೇ ಮುಂದಕ್ಕೆ ಹೋಗೋದು.”

ಹಾಕಿದ. ತಮಟೆ ಇಲ್ಲ. ಹೆಣ್ಣುಮಕ್ಕಳ ಗಿಜಿಗಿಜಿ ಇಲ್ಲ. ಪಾಯಸ ಬರಲಿಲ್ಲ ಎಂದವನೂ ಇಲ್ಲ. ಹನ್ನೊಂದು ನಿಮಿಷವೂ ಒಂದೇ ಸಮ ‘ಭ್ರೂಂ…’ ಎಂದು, ಮಂಚದ ಕೆಳಗೆ ಲಾರಿಯೊಂದು ಸ್ಟಾರ್ಟಾಗಿ ನಿಂತ ಹಾಗೆ. ಹಳೆಯದನ್ನು ಹುಡುಕಿದ. ಇರಲಿಲ್ಲ. ಡಿಲೀಟ್ ಆದವುಗಳ ಡಬ್ಬಿಯಲ್ಲಿ ಹುಡುಕಿದ. ಅಲ್ಲೂ ಇರಲಿಲ್ಲ.

“ಪದ್ಮಾ… ಇದು ಇನ್ನೆಲ್ಲಾದ್ರೂ ಇದೆಯೇನೆ?”

ಪದ್ಮಶ್ರೀಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. “ನಮ್ಮ ಮದುವೆ ವಾದ್ಯ ಅಲ್ವೇನ್ರೀ ಅದು? ಪಿಳ್ಳಪ್ಪ ಮಾಮಂದು ಇದ್ದಿದ್ದು ಅದೊಂದೇ ಅಲ್ವಾ? ಇನ್ನೆಲ್ಲಿ ಹೋಗಿ ತರೋದು?” ಎಂದವಳ ದನಿ ಮೊದಲು ಏರಿತು, ಆಮೇಲೆ ನಡುಗಿತು. ಬೈದಿದ್ದರೂ ವಾಸಿಯಿತ್ತು. ಅವಳು ಮುಖ ತಿರುಗಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮುನಿಯಣ್ಣ ಗೋಡಂಬಿಗಳನ್ನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿದರು. ತೆಗೆದರು. “ಇದು ಪಿಳ್ಳಪ್ಪ ಅಲ್ಲ” ಎಂದರು. ಅಷ್ಟೇ. ಎದ್ದುಹೋಗಿ ತಮಟೆಯ ಕೆಳಗಿನ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು.

ಸಿದ್ಧಾರ್ಥನಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಉಪಕಾರ ಮಾಡಲು ಹೋಗಿ ಮುದುಕನ ಕೈಯಲ್ಲಿದ್ದ ಒಂದೇ ಒಂದು ನೆನಪನ್ನು ಒರೆಸಿಹಾಕಿದ್ದ. ಶರಣ್‌ಗೆ ಫೋನು ಮಾಡಿ ‘ನಾಳೆ ಮಾವ ಬರಲ್ಲ’ ಎಂದು ಹೇಳುವ ಕೆಲಸವೂ ತನ್ನದೇ. ನಂಬರು ಹುಡುಕತೊಡಗಿದ.

“ಏನಂತೆ ಎಲ್ಲಾರೂ ಸತ್ತ ಮನೆ ಥರ ಕೂತಿದೀರ?” ಎಂದು ಅಡುಗೆಮನೆಯಿಂದ ಗೋವಿಂದಮ್ಮ ಕೇಳಿದರು.

ಪದ್ಮಶ್ರೀ ಹೇಳಿದಳು. “ಅಮ್ಮಾ, ಆ ತಿರುವು ಹೋಯ್ತು. ರೆಕಾರ್ಡಿಂಗೇ ಹೋಯ್ತು.”

“ಯಾವ ತಿರುವು? ಮೂರನೇ ಸುತ್ತಿಂದಾ?” ಗೋವಿಂದಮ್ಮನ ಕೈಯಲ್ಲಿ ಅಕ್ಕಿ ಅಳೆಯುವ ಪಾವು ಇತ್ತು. ಮುಂದೆ ತಗಡಿನ ಅಕ್ಕಿ ಡ್ರಮ್ಮು ಇತ್ತು. ಪಾವನ್ನು ಪಕ್ಕಕ್ಕಿಟ್ಟು, ಡ್ರಮ್ಮಿನ ಮುಚ್ಚಳ ಹಾಕಿ, ಅಂಗೈಯ ಬುಡದಿಂದ ಅದರ ಹೊಟ್ಟೆಗೆ ಹೊಡೆದರು.

ಧುಂ. ಧುಂ ಧುಮಕ ಧುಂ. ಧುಮಕ ಧುಮಕ… ಧುಂ.

ಗೋಡೆಗೆ ಮುಖ ಮಾಡಿದ್ದ ಕುರ್ಚಿ ಕಿರ್ ಎಂದು ತಿರುಗಿತು.

“ಇನ್ನೊಂದ್ ಸಲ!” ಎಂದು ಮುನಿಯಣ್ಣ ಕೂಗಿದರು.

ಗೋವಿಂದಮ್ಮ ಇನ್ನೊಂದು ಸಲ ಹೊಡೆದರು. ಈ ಸಲ ಅದು ಮುಗಿದ ಕೂಡಲೇ ಮುನಿಯಣ್ಣನ ಬೆರಳು ಕುರ್ಚಿಯ ಕೈಯ ಮೇಲೆ ತಾವಾಗಿಯೇ ‘ಟಕ್ಕಟ ಟಕ್ಕಟ’ ಎಂದು ಎತ್ತಿಕೊಂಡವು. ಅವರು ತಮ್ಮ ಬೆರಳನ್ನೇ ನೋಡುತ್ತ ಕೂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬೆರಳು ನಿಲ್ಲಲಿಲ್ಲ.

“ಇದೇ ಕಣೇ! ಪಿಳ್ಳಪ್ಪನೇ ಕಣೇ ಇದು! ನಿಂಗೆ ಹೆಂಗ್ ಬಂತೇ?”

“ಹೆಂಗ್ ಬಂತಾ?” ಗೋವಿಂದಮ್ಮ ಸೊಂಟದ ಮೇಲೆ ಕೈಯಿಟ್ಟರು. “ನಲವತ್ತು ವರ್ಷ ನೀವಿಬ್ರೂ ಆ ಜಗಲಿ ಮೇಲೆ ಕೂತು ಬಡ್ಕೊಂಡ್ರಿ. ಒಳಗೆ ನಿಮಗೆ ಮುದ್ದೆ ತಿರುವ್ತಿದ್ದೋಳು ಯಾರು? ಆ ತಿರುವು ಬಂದಾಗ ಸರಿಯಾಗಿ ನಾನೂ ಕೋಲು ತಿರುಗಿಸ್ತಿದ್ದೆ. ಒಂದು ಗಂಟು ಬರ್ತಿರ್ಲಿಲ್ಲ ಮುದ್ದೆ! ಇವತ್ತಿಗೂ ಅದೇ ಲೆಕ್ಕದಲ್ಲೇ ತಿರುವೋದು.”

“ಅತ್ತೆ, ಗುರುವಾರದಿಂದ ಒದ್ದಾಡ್ತಿದೀವಿ. ಒಂದು ಮಾತು ಹೇಳ್ಬಾರ್ದಿತ್ತಾ?” ಎಂದ ಸಿದ್ಧಾರ್ಥ, ಅಳುವ ದನಿಯಲ್ಲಿ.

“ನನ್ನ ಯಾರು ಕೇಳಿದ್ರಿ ಅಳಿಯಂದ್ರೇ? ನೀವು ಫೋನ್ ಕೇಳಿದ್ರಿ, ಬಚ್ಚಲುಮನೆ ಕೇಳಿದ್ರಿ. ಬಾಸು ಅಂತೀರ, ಬೂಸ್ಟು ಅಂತೀರ. ನಾನು ಯಾವ್ದೋ ಹಾಲಿಗೆ ಹಾಕೋ ಪುಡಿ ವಿಷಯ ಅನ್ಕೊಂಡಿದ್ದೆ!”

ಆ ಮಧ್ಯಾಹ್ನ ಮೂರು ವರ್ಷದ ಮೇಲೆ ತಮಟೆ ಗೋಡೆಯಿಂದ ಇಳಿಯಿತು. ಓಣಿಯಲ್ಲಿ ಹಳೇ ಪೇಪರು, ತೆಂಗಿನ ಗರಿ ಸೇರಿಸಿ ಬೆಂಕಿ ಹಾಕಿ, ಚರ್ಮ ಬಿಗಿಯಾಗಲೆಂದು ಮುನಿಯಣ್ಣ ಅದನ್ನು ಕಾಯಿಸಿದರು. ಶರಣ್ ಡೋಲು ಹೊತ್ತು ಓಡಿಬಂದ. ಗೋವಿಂದಮ್ಮ ಅಕ್ಕಿ ಡ್ರಮ್ಮನ್ನು ಜಗಲಿಗೆ ಉರುಳಿಸಿ ತಂದು, ಪಾಠ ಹೇಳಿಕೊಟ್ಟರು. ಎರಡು ಸಲ ತಪ್ಪಿದ್ದಕ್ಕೆ “ಗಂಟಾಯ್ತು, ಮತ್ತೆ ತಿರುವು!” ಎಂದು ಗದರಿದರು. ಸ್ವಾಮಿ, ಅವತ್ತು ಆ ಮನೆಯಲ್ಲಿ ಊಟವಾದಾಗ ಗಂಟೆ ನಾಲ್ಕು. ಯಾರಿಗೂ ಹಸಿವು ನೆನಪಿರಲಿಲ್ಲ.

ಸಿದ್ಧಾರ್ಥ ಆಗಲೂ ಸುಮ್ಮನಿರಲಿಲ್ಲ. ಅಕ್ಕಿ ಡ್ರಮ್ಮಿನ ಪಾಠವನ್ನು ಮಾವನ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ. ಅದಕ್ಕೆ ಮತ್ತೆ ಎಡಗಡೆಯ ಚುಕ್ಕೆ ಎತ್ತುತ್ತಿದ್ದಾಗ ಪದ್ಮಶ್ರೀ ಇಯರ್‌ಬಡ್ಸಿನ ಡಬ್ಬಿಯಲ್ಲಿದ್ದ ಕಾಗದ ಓದಿಕೊಂಡು ಬಂದಳು.

“ರೀ, ಇದನ್ನ ಒಂದ್ಸಲ ಆದ್ರೂ ಓದಿದ್ರಾ? ತುದೀಲಿ ಹಾಕೋ ರಬ್ಬರ್ ಮೂರು ಸೈಜಲ್ಲಿ ಬರುತ್ತೆ. ಕಿವಿಗೆ ಬಿಗಿಯಾಗಿ ಕೂರದಿದ್ರೆ ಬಾಸ್ ಎಲ್ಲಾ ಸಂದಿಯಿಂದ ಸೋರಿಹೋಗುತ್ತೆ ಅಂತ ಬರೆದಿದೆ. ಅಪ್ಪನ ಕಿವಿ ನೋಡಿದೀರಾ? ಅದಕ್ಕೆ ನೀವು ಹಾಕಿರೋದು ಅತೀ ಚಿಕ್ಕದು!”

ಬಟ್ಟೆಯ ಸೈಜು ನೋಡುವುದೇ ಕಸುಬಾದ ಕ್ವಾಲಿಟಿ ಸೂಪರ್‌ವೈಸರ್ ಆ ಕಾಗದ ಇಸಿದುಕೊಂಡು ತಾನೇ ಒಂದು ಸಲ ಓದಿದ. ಪದ್ಮಶ್ರೀ ದೊಡ್ಡ ರಬ್ಬರು ಸಿಕ್ಕಿಸಿ ಅಪ್ಪನ ಕೈಗೆ ಕೊಟ್ಟಳು. ಕೇಳಿ ನೋಡಲು ಅವರಿಗೆ ಪುರುಸೊತ್ತೆಲ್ಲಿ! ಜೇಬಿಗೆ ಹಾಕಿಕೊಂಡು ಮತ್ತೆ ತಮಟೆ ಎತ್ತಿದರು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಮೆರವಣಿಗೆ ಹೊರಟಿತು. ನೀಲಿ ಬಾವುಟ, ಹೂವಿನ ಪಲ್ಲಕ್ಕಿ, ಬಿಳಿ ಸೀರೆಯ ಹೆಂಗಸರು. ಮುಂದೆ ತಮಟೆ ತಂಡ. ಹಿಂದೆ ಟೆಂಪೋ ಒಂದರ ಮೇಲೆ ಬೀರುವಿನಷ್ಟು ಎತ್ತರದ ಎಂಟು ಡೀಜೆ ಪೆಟ್ಟಿಗೆ. ಅದರ ಹೊಡೆತಕ್ಕೆ ಅಂಗಡಿಗಳ ಷಟರು ಅದುರುತ್ತಿತ್ತು. ಮುನಿಯಣ್ಣ ಬಿಳಿ ಪಂಚೆ ಕಟ್ಟಿ, ತಲೆಗೆ ನೀಲಿ ಪೇಟ ಸುತ್ತಿ ಎಲ್ಲರಿಗಿಂತ ಮುಂದೆ ನಿಂತರು. ಕೋಲು ಎತ್ತಿದರು.

ಮೊದಲ ಸುತ್ತಿಗೆ ಜನ ತಿರುಗಿ ನೋಡಿದರು. ಎರಡನೆಯದಕ್ಕೆ ಹತ್ತಿರ ಬಂದರು. ಮೂರನೆಯ ಸುತ್ತು ಮುಗಿದು ತಮಟೆ ಥಟ್ಟನೆ ನಿಂತಿತು. ಸಿದ್ಧಾರ್ಥನ ಉಸಿರೂ ನಿಂತಿತು. ಶರಣ್‌ನ ಡೋಲು ಮಾತಾಡಿತು: ಧುಂ. ಧುಂ ಧುಮಕ ಧುಂ. ಮುನಿಯಣ್ಣ ಅವನ ಕೈಯನ್ನೇ ನೋಡುತ್ತಿದ್ದು, ಕೊನೆಯ ಪೆಟ್ಟು ಬಿದ್ದ ಕೂಡಲೇ ಎಗರಿ ಎತ್ತಿಕೊಂಡರು! ಓಣಿಯ ಮುದುಕರೆಲ್ಲ ಶಿಳ್ಳೆ ಹೊಡೆದರು. ಮರಿಯಮ್ಮ ಗುಬ್ಬಿ ದನಿಯಲ್ಲಿ “ನಮ್ಮಣ್ಣ! ನಮ್ಮಣ್ಣ!” ಎಂದು ಕೂಗಿದರು. ಗೋವಿಂದಮ್ಮ ಮಾತ್ರ ಮೆಲ್ಲಗೆ ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ತೃಪ್ತಿಯಿಂದ ತಲೆಯಾಡಿಸಿದರು.

ಆಗ ಸಿದ್ಧಾರ್ಥನಿಗೆ ಕಂಡಿತು. ಮಾವನ ಪೇಟದ ಕೆಳಗೆ, ಎರಡೂ ಕಿವಿಯಲ್ಲಿ, ಬೆಳ್ಳಗೆ ಹೊಳೆಯುವ ಎರಡು ಗೋಡಂಬಿ!

ಅವನ ಎದೆ ಎರಡು ಅಂಗುಲ ಉಬ್ಬಿತು. ಪಕ್ಕದಲ್ಲಿ ವಿಡಿಯೋ ಮಾಡುತ್ತಿದ್ದ ಅಪರಿಚಿತ ಯುವಕನ ಭುಜ ತಟ್ಟಿದ.

“ಗುರು, ಯಜಮಾನ್ರ ಕಿವಿ ನೋಡಿದ್ರಾ? ಅದರಲ್ಲಿ ನಾನ್ ಮಾಡಿದ ರೆಕಾರ್ಡಿಂಗ್ ಓಡ್ತಿದೆ. ಅದನ್ನ ಕೇಳ್ಕೊಂಡೇ ಬಾರಿಸ್ತಿರೋದು. ಬಾಸ್ ಸೆಟ್ಟಿಂಗ್ ಎಲ್ಲಾ ನಂದೇ. ನಾನು ಅವರ ಅಳಿಯ!”

“ಸಖತ್ ಸಾರ್! ನನ್ನ ಬಡ್ಸಲ್ಲೂ ಬಾಸೇ ಬರಲ್ಲ. ನನಗೂ ಹೇಳ್ಕೊಡಿ ಸಾರ್” ಎಂದು ಅವನು ಬೆನ್ನುಬಿದ್ದ. ಸಿದ್ಧಾರ್ಥ ರಾಜಗಾಂಭೀರ್ಯದಿಂದ “ಮೆರವಣಿಗೆ ಮುಗೀಲಿ” ಎಂದ. ಮುಗಿಯುವುದರೊಳಗೆ ಇನ್ನೂ ಹತ್ತು ಜನಕ್ಕೆ ಅದೇ ಕಥೆ ಹೇಳಿದ. ಹತ್ತನೆಯವನಿಗೆ ಹೇಳುವಾಗ ಕೆರೆ ಏರಿ ಗತ್ತನ್ನು ಕಟ್ಟಿದವರಲ್ಲಿ ತಾನೂ ಒಬ್ಬನಾಗಿದ್ದ.

ಪಾನಕ ಹಂಚುವ ಚಪ್ಪರದ ಕೆಳಗೆ ಮುನಿಯಣ್ಣ ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಸಿದ್ಧಾರ್ಥ ಆ ಯುವಕನನ್ನೂ ಕರೆದುಕೊಂಡು ಮುಂದೆ ನಿಂತ.

“ಮಾವ, ಬಾಸ್ ಹೆಂಗಿತ್ತು?”

ಮಾವ ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ಸಿದ್ಧಾರ್ಥ ಇನ್ನೊಂದು ಸಲ ಕೂಗಿದ. ಮುನಿಯಣ್ಣ ಅವನ ತುಟಿ ಆಡುವುದನ್ನು ಕಂಡು, ಒಂದು ಗೋಡಂಬಿಯನ್ನು ಕಿವಿಯಿಂದ ಕಿತ್ತರು. “ಏನಂದೆ ಅಳಿಮಯ್ಯ?”

“ಬಡ್ಸು ಹೆಂಗ್ ಕೆಲಸ ಮಾಡ್ತು ಅಂದೆ.”

“ಅಯ್ಯಯ್ಯೋ, ಅದನ್ನೇನ್ ಕೇಳ್ತೀಯ!” ಮುನಿಯಣ್ಣ ಅಳಿಯನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ಹಿಂದೆ ಆ ಡೀಜೆ ಪೆಟ್ಟಿಗೆ ಬಾಸು ಎದೆ ಒಡೆಯೋ ಹಂಗೆ ಬಡ್ಕೊಳ್ತಿತ್ತಲ್ಲ, ನನಗೆ ನನ್ನ ಗತ್ತೇ ತಪ್ಪೋಗ್ತಿತ್ತು. ಜೇಬಲ್ಲಿ ಇದಿತ್ತು, ತುರುಕ್ಕೊಂಡೆ ನೋಡು. ಆ ಬಾಸು ಒಂದ್ ಚೂರೂ ಒಳಗೆ ಬರ್ಲಿಲ್ಲ! ಪಕ್ಕದಲ್ಲಿ ಶರಣ್ ಕೈ ನೋಡ್ಕೊಂಡೆ, ಬಾರಿಸ್ಕೊಂಡ್ ಹೋದೆ. ನೀನ್ ಇದನ್ನ ಕೊಡದೇ ಇದ್ದಿದ್ರೆ ಇವತ್ತು ನನ್ನ ಮಾನ ಹೋಗ್ತಿತ್ತು ಕಣಪ್ಪ!”

“ಮತ್ತೆ… ಫೋನು?”

“ನನ್ನ ಬ್ಯಾಗಲ್ಲಿದೆ” ಎಂದಳು ಪದ್ಮಶ್ರೀ, ಪಾನಕ ಕುಡಿಯುತ್ತ. “ಬೆಳಗ್ಗೆಯಿಂದ ಸ್ವಿಚಾಫ್.”

ಹನ್ನೆರಡು ವರ್ಷ ಕಾದ ಉಪಕಾರ ಕೊನೆಗೂ ಸಂದಿತ್ತು. ಅಳಿಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಆ ಯುವಕ ತನ್ನ ಫೋನು ತೆರೆದು ಅವನ ಮೂಗಿನ ಮುಂದೆ ಹಿಡಿದ.

“ಸಾರ್, ಸೆಟ್ಟಿಂಗ್ಸ್ ಒಳಗೆ ಹೋಗಿದೀನಿ. ಹೇಳಿ ಸಾರ್, ಈಗ ಏನ್ ಮಾಡ್ಲಿ?”

ಸಿದ್ಧಾರ್ಥ ಒಮ್ಮೆ ಮಾವನನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

“ಆಫ್ ಮಾಡು ಗುರು” ಎಂದ.